ಅಣ್ಣನ ಕಾರಿನ ಕೂಗು

ಅಣ್ಣನ ಬಲಗಾಲು ಕದಲಬೇಕಾದರೆ ಅಂಗಳದಲ್ಲಿ ಕಾರು ಕೂಗಬೇಕಾಗಿತ್ತು. ಬೇರೆ ಯಾವುದಕ್ಕೂ ಆ ಕಾಲು ಜಗ್ಗುತ್ತಿರಲಿಲ್ಲ. ಹೆಂಡತಿ ಅತ್ತರೂ ಇಲ್ಲ, ಡಾಕ್ಟರು ಸೂಜಿ ಚುಚ್ಚಿದರೂ ಇಲ್ಲ, ತಮ್ಮ ಆ ಪಾದವನ್ನೇ ಹಿಡಿದುಕೊಂಡು ಬೇಡಿಕೊಂಡರೂ ಇಲ್ಲ.

ತಲೆಯೊಳಗೆ ರಕ್ತನಾಳ ಒಡೆದು ಅಣ್ಣ ತನ್ನ ಗ್ಯಾರೇಜಿನ ನೆಲದ ಮೇಲೆ ಬಿದ್ದಾಗ ಕೈಯಲ್ಲಿ ಸ್ಪ್ಯಾನರ್ ಇತ್ತು. ಆಸ್ಪತ್ರೆಯಿಂದ ಮನೆಗೆ ತಂದಾಗ ಮಾತು ಹೋಗಿತ್ತು, ಬಲಗೈ ಹೋಗಿತ್ತು, ಬಲಗಾಲು ಹೋಗಿತ್ತು. ಕಣ್ಣು, ಕಿವಿ ಮತ್ತು ಸಿಟ್ಟು ಮಾತ್ರ ಇದ್ದ ಹಾಗೇ ಇದ್ದವು. ಮಂಚವನ್ನು ಅಂಗಳದ ಕಡೆಯ ಕೋಣೆಯಲ್ಲಿ, ಕಿಟಕಿಯ ಪಕ್ಕ ಹಾಕಿದರು. ವಾರವಾರ ವ್ಯಾಯಾಮ ಮಾಡಿಸಲು ಒಬ್ಬ ಮೇಡಂ ಬರತೊಡಗಿದರು. ಅವರು ಕಾಲನ್ನು ಮಡಿಸಿ, ಬಿಡಿಸಿ, ಉಜ್ಜಿ, ‘ಒತ್ತಿ’ ಅಂದು, ‘ಎತ್ತಿ’ ಅಂದು ಸಾಕಾಗಿ ಹೋಗಿದ್ದರು. ಕಾಲು ಒದ್ದೆ ಬಟ್ಟೆಯ ಹಾಗೆ ಬಿದ್ದಿರುತ್ತಿತ್ತು.

ಒಂದು ಸಂಜೆ ತಮ್ಮ, ಬ್ಯಾಟರಿ ಸತ್ತುಹೋದೀತೆಂದು ಕಾರನ್ನು ಸ್ಟಾರ್ಟ್ ಮಾಡಿ ಎರಡು ಸಲ ರೇಸ್ ಮಾಡಿದ. ಒಳಗಿನಿಂದ ಮೇಡಂ ಕೂಗಿಕೊಂಡರು. ಏನಾಯಿತೋ ಎಂದು ಅವನು ಒಳಗೆ ಓಡಿದ. ಆಗಿದ್ದು ಇಷ್ಟೇ: ಕಾರಿನ ಕೂಗು ಏರಿದಾಗ ಅಣ್ಣನ ಪಾದ ಅವರ ಅಂಗೈಯನ್ನು ಒತ್ತಿತ್ತು. ಕೂಗು ಇಳಿದಾಗ ಬಿಟ್ಟಿತ್ತು. ಮತ್ತೆ ಮಾಡಿ ಅಂದರು. ಮಾಡಿದ. ಮತ್ತೆ ಒತ್ತಿತು. ಆಕ್ಸಿಲರೇಟರ್ ತುಳಿಯುವ ಕಾಲು ಅದು, ಮೂವತ್ತು ವರ್ಷ ಅದೇ ಕೆಲಸ ಮಾಡಿದ್ದು. ತಲೆ ಮರೆತಿದ್ದನ್ನು ಕಾಲು ಮರೆತಿರಲಿಲ್ಲ.

ಫೋನಿನಲ್ಲಿ ಆ ಸದ್ದನ್ನು ಹಿಡಿದಿಟ್ಟು ಕಿವಿಯ ಹತ್ತಿರ ಹಾಕಿಯೂ ನೋಡಿದರು. ಅಣ್ಣ ಮುಖವನ್ನು ಆ ಕಡೆ ತಿರುಗಿಸಿಕೊಂಡ. ಡಬ್ಬಿಯೊಳಗಿನ ಸೊಳ್ಳೆಯನ್ನು ಕೇಳಿ ಯಾರು ಕಾಲು ಎತ್ತುತ್ತಾರೆ? ಮಂಚ ಸಣ್ಣಗೆ ನಡುಗಬೇಕು, ಕಿಟಕಿಯ ಗಾಜು ಗುಂಯ್ ಎನ್ನಬೇಕು, ಆಗ ಮಾತ್ರ.

ಕೂಗುತ್ತಿದ್ದುದು ಎಂಜಿನ್ ಅಲ್ಲ, ಅದರ ನೆತ್ತಿಯ ಮೇಲೆ ಕೂತಿದ್ದ ಸೂಪರ್‌ಚಾರ್ಜರ್. ಅಣ್ಣ ಅದನ್ನು ಬ್ಲೋಯರ್ ಅನ್ನುತ್ತಿದ್ದ. ಬೆಲ್ಟಿನಿಂದ ತಿರುಗಿ, ಹೊರಗಿನ ಗಾಳಿಯನ್ನು ಎಳೆದು ಎಂಜಿನ್ನಿನ ಗಂಟಲಿಗೆ ಬಲವಂತವಾಗಿ ತುರುಕುವ ಯಂತ್ರ. ಎರಡೇ ಬಾಗಿಲಿನ ಆ ಹಳೆಯ ಕಾರು ಹುಟ್ಟಿನಿಂದಲೇ ಓಟಗಾರ. ಅಣ್ಣ ಅದಕ್ಕೆ ಹೊರಗಿನಿಂದ ಈ ಬ್ಲೋಯರ್ ತಂದು, ತಾನೇ ಬ್ರಾಕೆಟ್ ಮಾಡಿ, ತಾನೇ ಪೈಪು ಬಗ್ಗಿಸಿ ಕೂರಿಸಿ, ಇನ್ನಷ್ಟು ಹುಚ್ಚು ಹಿಡಿಸಿದ್ದ. ಅದನ್ನು ತಯಾರಿಸಿದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿತ್ತು. ಬಿಡಿಭಾಗ ಬೇಕೆಂದರೆ ಭೂಮಿಯ ಮೇಲೆ ಎಲ್ಲಿ ಹುಡುಕಬೇಕೋ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಅಣ್ಣ ಹಾಲು ಕುಡಿಯುವ ಮಗುವಿನ ಹಾಗೆ ನೋಡಿಕೊಂಡಿದ್ದ. ಬೇರೆ ಯಾರೂ ಮುಟ್ಟಕೂಡದು. ತಮ್ಮನ ಕೆಲಸ ಬಟ್ಟೆ ಒಗೆಯುವ ಮಷಿನ್ನುಗಳ ರಿಪೇರಿ. ಅವನು ಬಾನೆಟ್ಟಿನ ಹತ್ತಿರ ಬಂದರೆ ಸಾಕು, ಅಣ್ಣ, “ಸೋಪು, ಕೈ ತೊಳ್ಕೊಂಡು ಆ ಕಡೆ ನಿಂತ್ಕೋ” ಅನ್ನುತ್ತಿದ್ದ.

ಈಗ ಸೋಪಿನ ಕೈಯೇ ಗತಿಯಾಗಿತ್ತು.

ಅತ್ತಿಗೆಗೂ ತಮ್ಮನಿಗೂ ಮಾತು ನಿಂತು ತಿಂಗಳುಗಳಾಗಿದ್ದವು. ಅಣ್ಣ ಇನ್ನೂ ಐಸಿಯುನಲ್ಲಿದ್ದಾಗ ಅತ್ತಿಗೆ ಹೊರಗಿನ ಬೆಂಚಿನ ಮೇಲೆ ಕೂತು, ಆ ಕಾರನ್ನು ಮಾರಿಬಿಡೋಣ ಅಂದಿದ್ದರು. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ ಅಂದಿದ್ದರು. ತಮ್ಮ ಮುಂದಿನ ಮಾತು ಕೇಳಿಸಿಕೊಳ್ಳುವ ಜಾತಿಯವನಲ್ಲ. ಉಸಿರಾಡುತ್ತಿರುವವನ ಆಸ್ತಿಗೆ ಆಗಲೇ ಗಿರಾಕಿ ಹುಡುಕುತ್ತಿದ್ದೀರಾ ಎಂದು ನಾಲ್ಕು ಜನರ ಎದುರು ಕೇಳಿಬಿಟ್ಟ. ಆ ಮಾತು ಬಾಯಿಂದ ಹೊರಬಿದ್ದ ಕ್ಷಣವೇ ಅವನಿಗೆ ಅದರ ತೂಕ ಗೊತ್ತಾಯಿತು. ತಪ್ಪಾಯಿತು ಅನ್ನುವುದಕ್ಕೆ ಮಾತ್ರ ನಾಲಗೆ ಏಳಲಿಲ್ಲ.

ಅಂದಿನಿಂದ ಅವರಿಬ್ಬರ ಮಾತೆಲ್ಲ ಅಣ್ಣನ ಮೂಲಕ. “ರೀ, ಟೀ ಆರಿಹೋಗ್ತಾ ಇದೆ ಅಂತ ನಿಮ್ಮ ತಮ್ಮನಿಗೆ ಹೇಳಿ” ಎಂದು ಅತ್ತಿಗೆ ಮಂಚಕ್ಕೆ ಹೇಳುವುದು. “ಅಣ್ಣ, ಅತ್ತಿಗೆಗೆ ಹೇಳು, ಮಾತ್ರೆ ತಂದಿಟ್ಟಿದ್ದೀನಿ” ಎಂದು ಇವನು ಮಂಚಕ್ಕೇ ಹೇಳುವುದು. ಮಾತೇ ಬಾರದವನನ್ನು ಇಬ್ಬರೂ ಸೇರಿ ಟೆಲಿಫೋನ್ ಕಂಬ ಮಾಡಿಕೊಂಡಿದ್ದರು. ಮೇಡಂಗೆ ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಅದೂ ನಿಂತಿತು.

ಆ ಕಾಲು ಒತ್ತತೊಡಗಿದ ಮೇಲೆ ಕಾರನ್ನು ಮಾರುವ ಮಾತು ಅತ್ತಿಗೆಯ ಬಾಯಲ್ಲಿ ಮತ್ತೆ ಬರಲಿಲ್ಲ. ಪ್ರತಿ ಸಂಜೆ ಮೇಡಂ ಬರುವ ಹೊತ್ತಿಗೆ ಅವರೇ ಕಿಟಕಿ ತೆರೆದು, ಗಂಡನ ಹಾಸಿಗೆ ಸರಿಮಾಡಿ, ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಚಿ ಕಾಯುತ್ತಿದ್ದರು. ವಾರಕ್ಕೊಮ್ಮೆ ಬರುತ್ತಿದ್ದ ಮೇಡಂ ದಿನವೂ ಬರತೊಡಗಿದ್ದರು. ಒಂದು ಮಾತನ್ನು ಮಾತ್ರ ಅವರು ಮುಚ್ಚಿಡದೆ ಹೇಳಿದ್ದರು. ಒತ್ತುವುದು ಬಂದರೆ ಸಾಲದು. ಪಾದ ಮೇಲಕ್ಕೆ ಏಳಬೇಕು, ಬೆರಳು ಮೂಗಿನ ಕಡೆ ತಿರುಗಬೇಕು. ಅದು ಬರದಿದ್ದರೆ ನಿಲ್ಲಿಸಿದರೂ ಪಾದ ನೆಲಕ್ಕೆ ಎಳೆಯುತ್ತದೆ, ಎಡವಿ ಬೀಳುತ್ತಾರೆ, ನಡೆಯುವ ಮಾತೇ ಇಲ್ಲ. ಬರುವುದಿದ್ದರೆ ಈ ಕೆಲವು ವಾರಗಳಲ್ಲೇ ಬರಬೇಕು. ಮಧ್ಯೆ ನಿಲ್ಲಿಸಿದರೆ ಒತ್ತುವುದೂ ಹೋಗಬಹುದು.

ಅದಕ್ಕೇ ಸರಿಯಾಗಿ ಬ್ಲೋಯರ್ ಕೆಮ್ಮತೊಡಗಿತು.

ಮೊದಲು ವಾಸನೆ ಬಂತು, ಸುಟ್ಟ ಎಣ್ಣೆಯದ್ದು. ಮರುದಿನ ಬೆಲ್ಟಿನ ಮೇಲೆ ಎಣ್ಣೆಯ ಸಿಡಿತ. ಅದರ ಮರುದಿನ, ಸಿಳ್ಳೆಯ ಹಾಗೆ ನೇರವಾಗಿ ಏರುತ್ತಿದ್ದ ಕೂಗಿನ ಅಡಿಯಲ್ಲಿ ಇನ್ನೊಂದು ಸದ್ದು ಸೇರಿಕೊಂಡಿತು, ಗರಗರ ಎಂದು, ಯಾರೋ ಬೀಸುವ ಕಲ್ಲಿಗೆ ಮರಳು ಹಾಕಿದ ಹಾಗೆ. ತಮ್ಮ ಆಗಲೇ ಎಂಜಿನ್ ನಿಲ್ಲಿಸಿ ಬಿಚ್ಚಿದ. ಬ್ಲೋಯರಿನ ಮೂತಿಯೊಳಗೆ ಹಲ್ಲುಚಕ್ರಗಳಿಗೆಂದೇ ಒಂದು ಪುಟ್ಟ ಎಣ್ಣೆಕೋಣೆ ಇದೆ; ಎಂಜಿನ್ನಿನ ಎಣ್ಣೆಗೂ ಅದಕ್ಕೂ ಸಂಬಂಧವಿಲ್ಲ. ಅದನ್ನು ಮುಚ್ಚುವ ರಬ್ಬರಿನ ಸೀಲು ಜಾಗ ಬಿಟ್ಟು ಹೊರಗೆ ಬಂದಿತ್ತು. ಒಳಗೆ ಎಣ್ಣೆ ಪೂರ್ತಿ ಖಾಲಿ. ಬೇರಿಂಗ್ ನೀಲಿಯಾಗಿ ಬೆಂದಿತ್ತು.

ಅವನು ತಲೆ ಕೆರೆದುಕೊಂಡ. ಪ್ರತಿ ಭಾನುವಾರ ತಪ್ಪದೆ ಎಣ್ಣೆ ಹಾಕಿದ್ದವನು ಅವನೇ. ಮಟ್ಟ ತೋರಿಸುವ ಗಾಜು ವಯಸ್ಸಾಗಿ ಕಂದಿಹೋಗಿ ಅದರಲ್ಲಿ ಏನೂ ಕಾಣುತ್ತಿರಲಿಲ್ಲ. ಹಳೆಯ ಸೀಲು ಸ್ವಲ್ಪ ಜಿನುಗುತ್ತದೆಂದು ಅಣ್ಣ ವಾರಕ್ಕೊಂದು ಸಿರಿಂಜು ಅಳೆದು ಹಾಕುತ್ತಿದ್ದುದನ್ನು ಅವನು ದೂರದಿಂದ ನೋಡಿದ್ದ. ಹಾಗೇ ಹಾಕುತ್ತಿದ್ದ. ಭಾನುವಾರ ಹಾಕಿದ್ದು ಗುರುವಾರಕ್ಕೆ ಎಲ್ಲಿ ಹೋಯಿತು?

ಎಣ್ಣೆಯ ಕೈಯಲ್ಲೇ ಒಳಗೆ ಹೋದ. ಅತ್ತಿಗೆ ಅಣ್ಣನಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು.

“ಅಣ್ಣ, ಬ್ಲೋಯರ್ ಹತ್ತಿರ ಯಾರಾದ್ರೂ ಹೋಗಿದ್ರಾ ಅಂತ ಅತ್ತಿಗೆಗೆ ಕೇಳು. ಭಾನುವಾರ ನಾನೇ ಎಣ್ಣೆ ಹಾಕಿದ್ದೀನಿ. ಈಗ ಒಂದು ಹನಿ ಇಲ್ಲ.”

ಅತ್ತಿಗೆಯ ಚಮಚ ಅರ್ಧ ದಾರಿಯಲ್ಲಿ ನಿಂತಿತು. “ರೀ, ನಿಮ್ಮ ತಮ್ಮ ಹಾಕ್ತಾನೆ ಅಂತ ನನಗೆ ಯಾರು ಹೇಳಿದ್ರು? ಅವನಿಗೆ ಆ ಕಾರು ಕೂಗಿಸೋದು ಗೊತ್ತು, ಸಾಕೋದು ಗೊತ್ತಿಲ್ಲ ಅಂತ ನಾನು ಹಾಕ್ತಾ ಇದ್ದೀನಿ. ಬುಧವಾರ ಬುಧವಾರ.”

“ಎಷ್ಟು ಅಂತ ಕೇಳು.”

“ನೀವು ಹಾಕ್ತಿದ್ದಷ್ಟೇ. ಒಂದು ಸಿರಿಂಜು ತುಂಬ.”

“ಯಾವಾಗಿನಿಂದ, ಅಣ್ಣ?”

“ನಿಮ್ಮನ್ನ ಮನೆಗೆ ಕರ್ಕೊಂಡು ಬಂದಾಗಿನಿಂದ.”

ಅಣ್ಣನ ಕಣ್ಣು ಹೆಂಡತಿಯಿಂದ ತಮ್ಮನಿಗೆ, ತಮ್ಮನಿಂದ ಹೆಂಡತಿಗೆ ಹೋಗಿ ಬಂತು. ತಿಂಗಳುಗಟ್ಟಲೆ ಇವರ ಟೀ, ಮಾತ್ರೆ, ಹಾಲು, ಬೀಗದ ಕೈಗಳ ಸುದ್ದಿ ಹೊತ್ತಿದ್ದ ಕಣ್ಣು. ಈ ಒಂದು ಸುದ್ದಿಯನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಎಣ್ಣೆ ಹೆಚ್ಚಾದರೆ ಏನಾಗುತ್ತದೆಂದು ಆ ಕೋಣೆಯಲ್ಲಿ ಅವನಷ್ಟು ಚೆನ್ನಾಗಿ ಬಲ್ಲವರಿರಲಿಲ್ಲ. ತುಂಬಿದ ಎಣ್ಣೆ ಕಾಯುತ್ತದೆ, ನೊರೆಯಾಗುತ್ತದೆ, ಉಬ್ಬಿ ಸೀಲನ್ನು ಒದೆಯುತ್ತದೆ. ಒಮ್ಮೆ ಸೀಲು ಹಾರಿತೋ, ಇದ್ದದ್ದೆಲ್ಲ ಹೊರಗೆ. ಆಮೇಲೆ ಒಣ ಕಬ್ಬಿಣಕ್ಕೆ ಒಣ ಕಬ್ಬಿಣ. ಅಣ್ಣ ಕಣ್ಣು ಮುಚ್ಚಿಕೊಂಡ. ಎಡಗೈ ಹೊದಿಕೆಯನ್ನು ಹಿಡಿದು ಹಿಂಡುತ್ತಿತ್ತು.

“ಹೆಚ್ಚಾದ್ರೆ ಏನಾಗುತ್ತೆ?” ಎಂದು ಅತ್ತಿಗೆ ಕೇಳಿದರು. ಈ ಸಲ ಮಂಚವನ್ನಲ್ಲ, ಅವನನ್ನೇ.

“ಈಗ ಆಗಿದೆಯಲ್ಲ, ಇದೇ ಆಗುತ್ತೆ ಅತ್ತಿಗೆ.”

ಬೈಯಬೇಕೆಂದು ಅವನ ಬಾಯಿ ತುಂಬ ಮಾತಿತ್ತು. ಯಾರನ್ನು ಬೈಯುವುದು? ಒಂದು ಸಾರಿ, ಒಂದೇ ಒಂದು ಸಾರಿ, ಎಣ್ಣೆ ಹಾಕಿದ್ದೀನಿ ಎಂದು ನೇರವಾಗಿ ಹೇಳಿದ್ದರೆ ಸಾಕಿತ್ತು. ಅವನು ಹೊರಗೆ ಹೋಗಿ ಅಂಗಳದ ಗೋಡೆಗೆ ಬೆನ್ನು ಕೊಟ್ಟು ಕುಕ್ಕರಿಸಿದ.

ಮರುದಿನ ಬ್ಲೋಯರನ್ನು ಹಳೆಯ ಟವೆಲಿನಲ್ಲಿ ಸುತ್ತಿಕೊಂಡು, ಎದೆಗೆ ಅವಚಿಕೊಂಡು ಲೇತ್‌ನವನ ಹತ್ತಿರ ಹೋದ. ಅಣ್ಣನ ಹಳೆಯ ಸ್ನೇಹಿತ, ಎಂಥ ಕಬ್ಬಿಣವನ್ನೂ ಹದಕ್ಕೆ ತರುವವನು. ಅವನು ಬೇರಿಂಗ್ ಕೂರುವ ಉಕ್ಕಿನ ಶಾಫ್ಟನ್ನು ಉಗುರಿನಿಂದ ಸವರಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಆಗಲೇ ತಮ್ಮನಿಗೆ ಅರ್ಧ ಉತ್ತರ ಸಿಕ್ಕಿತು. ಬೇರಿಂಗ್ ತಿರುಗುವ ಬದಲು ಶಾಫ್ಟಿನ ಮೇಲೇ ಉಜ್ಜಿ, ಶಾಫ್ಟೇ ಸವೆದು ತೆಳ್ಳಗಾಗಿತ್ತು. ವೆಲ್ಡ್ ಹಚ್ಚಿ ತುಂಬಿಸಿ ಕೊರೆದು ಕೊಡು ಎಂದು ಇವನು ಅಂಗಲಾಚಿದ. ಆ ಬಿಸಿಗೆ ಶಾಫ್ಟ್ ಬಾಗುತ್ತದೆ ಅಂದ ಅವನು. ಒಳಗೆ ಜೊತೆಯಾಗಿ ತಿರುಗಿ ಗಾಳಿ ತಳ್ಳುವ ಎರಡು ರೋಟರುಗಳ ನಡುವೆ ಇರುವುದು ಕೂದಲಿನಷ್ಟು ಸಂದು. ಚೂರು ಬಾಗಿದರೂ ಒಂದನ್ನೊಂದು ತಿಂದು ಹಾಕುತ್ತವೆ.

“ಹೊಸ ಬೇರಿಂಗನ್ನೇ ಅಂಟು ಹಾಕಿ ಕೂರಿಸಿ ಕೊಡ್ತೀನಿ. ಆದ್ರೆ ಇದು ಹುಳುಕು ಹಲ್ಲಿಗೆ ಚಿನ್ನದ ಟೋಪಿ ಹಾಕಿದ ಹಾಗೆ ಕಣಪ್ಪ.”

“ಎಷ್ಟು ಓಡುತ್ತೆ?”

“ಸುಮ್ನೆ ಇಟ್ಟರೆ ಬಹಳ ವರ್ಷ ಬಾಳುತ್ತೆ.”

ಅವನು ನಗಿಸಲು ಹೇಳಿದ್ದು. ತಮ್ಮನಿಗೆ ನಗು ಬರಲಿಲ್ಲ. ಲೇತ್‌ನವನೂ ಮುಖ ಬೇರೆ ಕಡೆ ತಿರುಗಿಸಿ, ಅಂಟಿನ ಡಬ್ಬಿ ತೆಗೆದ.

ಆ ವಾರ ತಮ್ಮ ಮಷಿನ್ ರಿಪೇರಿಯ ಕೆಲಸವನ್ನೆಲ್ಲ ಬದಿಗಿಟ್ಟ. ಗಿರಾಕಿಗಳು ಫೋನ್ ಮಾಡಿ ಬೈದರು. ಬಟ್ಟೆ ನೀರಿನಲ್ಲೇ ಕೊಳೆಯುತ್ತಿದೆ ಅಂದರು. ಕೈಯಲ್ಲಿ ಒಗೆಯಿರಿ ಅಂದ. ಗುಜರಿಗಳನ್ನು ಸುತ್ತಿದ. ಗೊತ್ತಿದ್ದವರು, ಗೊತ್ತಿಲ್ಲದವರು, ಎಲ್ಲರಿಗೂ ಫೋನ್ ಮಾಡಿದ. ಸಮುದ್ರದಾಚೆ ಯಾರದೋ ಶೆಡ್ಡಿನಲ್ಲಿ ಅಂಥದೇ ಒಂದು ಇದೆ ಎಂಬ ಸುದ್ದಿ ಸಿಕ್ಕಿತು. ಬರಲು ತಿಂಗಳುಗಳೇ ಬೇಕು, ಬಂದರೂ ಅದರ ಬೇರಿಂಗ್ ಹೇಗಿದೆಯೋ ಅವರಿಗೂ ಗೊತ್ತಿಲ್ಲ. ಅಷ್ಟರಲ್ಲಿ ಬ್ಲೋಯರ್ ಇಲ್ಲದೆ ಬರೀ ಎಂಜಿನ್ನನ್ನೇ ಓಡಿಸಿ ನೋಡಿದ. ಅಣ್ಣ ಸೂರು ನೋಡುತ್ತ ಮಲಗಿದ್ದ. ಕಾಲು ಸತ್ತ ಮೀನಿನ ಹಾಗೆ ಮೇಡಂ ಕೈಯಲ್ಲಿ ಬಿದ್ದಿತ್ತು. ಎರಡನೆಯ ದಿನವೂ ಹಾಗೇ. ಮೂರನೆಯ ದಿನ ಮೇಡಂ ಕಾಲನ್ನು ಮೆಲ್ಲಗೆ ಹಾಸಿಗೆಗೆ ಇಳಿಸಿ, ಹೊದಿಕೆ ಎಳೆದರು.

ಅತ್ತಿಗೆ ಅವನನ್ನು ಅಡುಗೆಮನೆಗೆ ಕರೆದರು. ನಲ್ಲಿ ತಿರುಗಿಸಿ, ನೀರಿನ ಸದ್ದಿನಲ್ಲಿ, ಗಂಡನಿಗೆ ಕೇಳಿಸದ ಹಾಗೆ, ಆ ಅಂಟು ಹಾಕಿದ್ದನ್ನೇ ಕೂರಿಸಿ ನೋಡು ಅಂದರು. ಹೆಚ್ಚು ಓಡಲ್ಲ ಅಂದ. ಗೊತ್ತು, ಆದರೆ ನನ್ನಿಂದ ಇದನ್ನು ನೋಡಲಾಗುವುದಿಲ್ಲ ಅಂದರು. ನಲ್ಲಿಯನ್ನು ನಿಲ್ಲಿಸಲು ಇಬ್ಬರಿಗೂ ನೆನಪಾಗಲಿಲ್ಲ.

ಬ್ಲೋಯರಿನ ಅಳತೆಗೆ ಸರಿಯಾದ ಸೀಲು ಎಲ್ಲೂ ಸಿಗದೆ ಅವನು ತನ್ನ ಚೀಲದಿಂದಲೇ ಬಟ್ಟೆ ಒಗೆಯುವ ಮಷಿನ್ನಿನ ಒಂದು ಸೀಲು ತೆಗೆದ. ಸೋಪಿನ ನೀರು ತಡೆಯಲು ಮಾಡಿದ್ದು. ಬಿಸಿ ಎಣ್ಣೆಯ ಮುಂದೆ ಎಷ್ಟು ಹೊತ್ತು ನಿಂತೀತು ಎಂಬುದು ಅವನಿಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತು? ಆದರೂ ಹಾಕಿದ. ಎಣ್ಣೆಕೋಣೆಯನ್ನು ಮೊದಲು ಚೆನ್ನಾಗಿ ಒರೆಸಿ ಹೊಸ ಎಣ್ಣೆಯನ್ನು ಅಳೆದು ಹಾಕಿದ. ಅತ್ತಿಗೆ ಪಕ್ಕದಲ್ಲಿ ನಿಂತು ಎಷ್ಟು ಹಾಕಿದ್ದೆಂದು ಎರಡು ಸಲ ಕೇಳಿದರು, ಅವನು ಎರಡು ಸಲವೂ ಸಿಡುಕದೆ ಹೇಳಿದ.

ಸಂಜೆ ಮೇಡಂ ಬಂದು ಮಂಚದ ಕಾಲಬುಡದಲ್ಲಿ ಕೂತರು. ಅತ್ತಿಗೆ ಕಿಟಕಿಯಲ್ಲಿ ನಿಂತರು. ತಮ್ಮ ಡ್ರೈವರ್ ಸೀಟಿನಲ್ಲಿ ಕೂತ; ಬಾನೆಟ್ಟನ್ನು ಬಿಚ್ಚಿಟ್ಟಿದ್ದರಿಂದ ಬ್ಲೋಯರೂ ಕಾಣುತ್ತಿತ್ತು, ಅದರಾಚೆ ಕಿಟಕಿಯೂ ಕಾಣುತ್ತಿತ್ತು. ಉಸಿರು ಬಿಗಿಹಿಡಿದು ತುಳಿದ. ಕೂಗು ಎದ್ದಿತು. ಹಳೆಯ ಕೂಗೇ, ಸ್ವಚ್ಛವಾಗಿ. ಒಳಗಿನಿಂದ ಅತ್ತಿಗೆ ತಲೆಯಾಡಿಸಿದರು: ಒತ್ತುತ್ತಿದ್ದಾರೆ. ಅವನ ಕಣ್ಣು ಮಂಜಾಯಿತು. ಬಿಟ್ಟ, ಮತ್ತೆ ತುಳಿದ. ಮೂರನೆಯ ಸಲಕ್ಕೆ ಮರಳಿನ ಸದ್ದು ಬಂತು.

ಸ್ವಲ್ಪವೇ ಬಂತು. ಹೊರಗಿನವರಿಗೆ ಗೊತ್ತೂ ಆಗುತ್ತಿರಲಿಲ್ಲ. ಕಿಟಕಿಯಲ್ಲಿ ಅತ್ತಿಗೆ ಥಟ್ಟನೆ ಒಳಗೆ ತಿರುಗಿದರು. ಮೇಡಂ ಏನೋ ಹೇಳುತ್ತಿದ್ದರು. ಅವನು ಕಾಲು ತೆಗೆದ.

“ಒತ್ತೋದು ನಿಲ್ಸಿದ್ರಂತೆ” ಅಂದರು ಅತ್ತಿಗೆ. ಅವರ ಮುಖದಲ್ಲಿ ಏನೋ ಬೇರೆಯೇ ಇತ್ತು. “ಎತ್ತಿದ್ರಂತೆ. ಪಾದಾನ ಮೇಲಕ್ಕೆ. ಇನ್ನೊಂದು ಸಲ ಮಾಡ್ಬೇಕಂತೆ.”

ಮತ್ತೆ ತುಳಿದ. ಕೂಗು ಏರಿತು, ಅದರ ಅಡಿಯಲ್ಲಿ ಗರಗರ ಏರಿತು, ಮೇಡಂ ಒಳಗಿನಿಂದ ಚೀರಿದರು: “ಎತ್ತಿದ್ರು, ಎತ್ತಿದ್ರು.” ಬಿಟ್ಟ. ಕಾಲು ಬಿತ್ತಂತೆ.

ಆಗ ತಮ್ಮನಿಗೆ ಅರ್ಥವಾಯಿತು. ಮೇಡಂಗೆ ಆಗಿರಲಿಲ್ಲ, ಅತ್ತಿಗೆಗೂ ಆಗಿರಲಿಲ್ಲ. ಅಣ್ಣ ಅವನಿಗೆ ಕಾರು ಕಲಿಸುವಾಗ ತಲೆಗೆ ಮೊಟಕಿ ಮೊಟಕಿ ಹೇಳಿದ್ದು ಒಂದೇ: ಸದ್ದು ಕೆಟ್ಟಿತೋ, ಮೊದಲು ಕಾಲು ತೆಗೆ, ಆಮೇಲೆ ಯೋಚನೆ ಮಾಡು. ಅಣ್ಣ ವ್ಯಾಯಾಮ ಮಾಡುತ್ತಿರಲಿಲ್ಲ. ತನ್ನ ಬ್ಲೋಯರ್ ಸಾಯುತ್ತಿರುವುದನ್ನು ಕೇಳಿ ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತಿದ್ದ. ಮಂಚದ ಮೇಲಿಂದ, ಮಾತಿಲ್ಲದೆ, ನಿಲ್ಲಿಸೋ ಎಂದು ಕೂಗುತ್ತಿದ್ದ.

ಅವನು ಎಂಜಿನ್ ಆಫ್ ಮಾಡಿದ. ಇಡೀ ವಾರ ಇದನ್ನು ಉಳಿಸಬೇಕೆಂದು ಒದ್ದಾಡಿದ್ದ. ಈಗ ನಿಲ್ಲಿಸಿ ಇಟ್ಟರೆ ಇನ್ನೂ ಹತ್ತೆಂಟು ಸಂಜೆ ಒಂದೊಂದು ನಿಮಿಷ ಕೂಗಿಸಬಹುದೇನೋ, ಕಾಲು ಒತ್ತುತ್ತಿರುತ್ತದೆ. ಆದರೆ ಎತ್ತುವುದು ಬರುವುದು ಅದು ಸಾಯುವಾಗ ಮಾತ್ರ.

“ಯಾಕೆ ನಿಲ್ಸಿದೆ?” ಎಂದು ಅತ್ತಿಗೆ ಕೇಳಿದರು.

“ಇನ್ನು ತುಳಿದ್ರೆ ಹೋಗಿಬಿಡುತ್ತೆ ಅತ್ತಿಗೆ. ಅವನಿಗೆ ಅದು ಗೊತ್ತು. ಅದಕ್ಕೇ ಎತ್ತಿದ್ದು. ನಿಲ್ಸು ಅಂತಿದ್ದಾನೆ.”

ಅತ್ತಿಗೆ ಕಿಟಕಿಯ ಸರಳನ್ನು ಹಿಡಿದುಕೊಂಡರು. ಒಮ್ಮೆ ಗಂಡನ ಕಡೆ ನೋಡಿದರು. ಆಮೇಲೆ ಇವನ ಕಡೆ ತಿರುಗಿ ತುಳಿ ಅಂದರು. ಅಷ್ಟೇ.

ಅವನು ಮತ್ತೆ ಸ್ಟಾರ್ಟ್ ಮಾಡಿ ತುಳಿದ. ಮೇಡಂ ಎತ್ತಿದ್ರು ಅಂದರು. ಬಿಟ್ಟ, ತುಳಿದ, ಎತ್ತಿದ್ರು. ಗರಗರ ಈಗ ಬೀದಿಗೇ ಕೇಳುತ್ತಿತ್ತು. ಎಣ್ಣೆ ಚಿಮ್ಮಿ ವಿಂಡ್‌ಸ್ಕ್ರೀನಿನ ಮೇಲೆ ಸಣ್ಣ ಚುಕ್ಕೆಗಳಾದವು. ಒಳಗಿನಿಂದ ಇನ್ನೊಂದು ಸದ್ದು ಬರುತ್ತಿತ್ತು, ಅಣ್ಣನ ಗಂಟಲಿನಿಂದ, ಮಾತಲ್ಲದ್ದು. ಅದನ್ನು ಕೇಳಿಯೂ ಅವನು ತುಳಿದ. ಮೇಡಂ ಈ ಸಲ ಬೆರಳೆಲ್ಲ ಎತ್ತಿದ್ರು ಅಂದರು. ಬ್ಲೋಯರ್ ಒಮ್ಮೆ ಕಿರುಚಿತು, ಲೋಹಕ್ಕೆ ಲೋಹ ಕಚ್ಚಿಕೊಂಡ ಕಿರುಚಾಟ. ಬೆಲ್ಟು ಹೊಗೆಯಾಡಿ, ಕಿತ್ತು, ಚಾಟಿಯ ಹಾಗೆ ಫೆಂಡರಿಗೆ ಬಡಿಯಿತು. ಎಂಜಿನ್ ಒಂಟಿಯಾಗಿ ಗುರುಗುಟ್ಟಿತು. ಅವನು ಕೀ ತಿರುಗಿಸಿ ಅದನ್ನೂ ನಿಲ್ಲಿಸಿದ.

ಇಳಿದು ಕೋಣೆಗೆ ಹೋದ. ಅಣ್ಣನ ಮುಖ ಕೆಂಪಾಗಿ ಬೆವೆತಿತ್ತು. ಅವನು ತಮ್ಮನನ್ನು ನೋಡಿದ ನೋಟವನ್ನು ತಮ್ಮ ಯಾವತ್ತೂ ಕಂಡಿರಲಿಲ್ಲ. ಚಿಕ್ಕವನಿದ್ದಾಗ ಅಣ್ಣನಿಂದ ಏಟು ತಿಂದ ದಿನಗಳಲ್ಲೂ ಇಲ್ಲ.

ಮೇಡಂ ಮೊಣಕಾಲಿನ ಕೆಳಗೆ ಕೈ ಇಟ್ಟು, ಈಗ ಸದ್ದಿಲ್ಲದೆ ಒಮ್ಮೆ ಎತ್ತಿ ಎಂದು ಮೃದುವಾಗಿ ಕೇಳಿದರು. ಕಾಲು ಕದಲಲಿಲ್ಲ. ಇನ್ನೊಮ್ಮೆ ಕೇಳಿದರು. ಕದಲಲಿಲ್ಲ. ಅತ್ತಿಗೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಹೊರಗೆ ಅಂಗಳದಲ್ಲಿ ಕೂಗಿಸಲು ಇನ್ನೇನೂ ಉಳಿದಿರಲಿಲ್ಲ.

ತಮ್ಮ ಮಂಚದ ತುದಿಯಲ್ಲಿ, ಆ ಕಾಲಿನ ಎದುರಿಗೇ ಬಂದು ನಿಂತ. ಕೈಯಿಂದ ಸುಟ್ಟ ಎಣ್ಣೆಯ ವಾಸನೆ ಬರುತ್ತಿತ್ತು.

“ಸದ್ದು ಕೆಟ್ಟಿದ್ದು ನನಗೂ ಕೇಳ್ತು ಅಣ್ಣ” ಅಂದ. “ಕೇಳಿಸಿಕೊಂಡೇ ತುಳಿದೆ. ನೀನು ನಿಲ್ಸು ಅಂದಿದ್ದೂ ಗೊತ್ತಾಯ್ತು. ಬೇಕು ಅಂತಲೇ ತುಳಿದು ಕೊಂದೆ.”

ಹೆಬ್ಬೆರಳು ನಡುಗಿತು. ಆಮೇಲೆ ಪಾದ, ತಡೆದು ತಡೆದು, ಯಾರೋ ಕೆಳಗಿನಿಂದ ನೂಕುತ್ತಿರುವ ಹಾಗೆ, ಅವನ ಮುಖದ ಕಡೆಗೆ ಮೇಲೆದ್ದಿತು. ಒದೆಯಲು ಎದ್ದ ಕಾಲು. ಅರೆಕ್ಷಣ ನಿಂತು ಬಿತ್ತು.

“ಮತ್ತೆ ಹೇಳಿ” ಎಂದು ಮೇಡಂ ತಲೆಯೆತ್ತದೆ ಪಿಸುಗುಟ್ಟಿದರು.

ಅವನು ಅತ್ತಿಗೆಯ ಕಡೆ ನೋಡಿದ. ಅವರು ಬೇಡ ಅನ್ನಲಿಲ್ಲ. ಅವನು ಅಣ್ಣನ ಕಣ್ಣನ್ನೇ ನೋಡುತ್ತ, ಮೂಗನ್ನು ತೋಳಿಗೆ ಒರೆಸಿಕೊಂಡು, ಮತ್ತೆ ಹೇಳಿದ.